ಬಣ್ಣದ ಡಬ್ಬಿಗೆ ಮೊದಲು ಬ್ಯಾಟರಿ ನೀರು: ಕಾರವಾರದ ಮೀನು ಗಾಡಿಯೊಂದರ ತುಕ್ಕಿನ ಪ್ರಕರಣ

ಒಂದೂವರೆ ಟನ್ ಹೊರುವ ಪಿಕಪ್, ಕೆಎ-30 ನೋಂದಣಿ, ಆರು ವರ್ಷ ಹಳೆಯದು. ಬೈತಖೋಲ ಬಂದರಿನಲ್ಲಿ ಬಂಗಡೆ, ತಾರ್ಲೆ, ಸೀಗಡಿ ತುಂಬಿಕೊಂಡು ಅಂಕೋಲಾ, ಅರಬೈಲ್ ಘಾಟಿ, ಯಲ್ಲಾಪುರದ ಮೇಲೆ ಹುಬ್ಬಳ್ಳಿಗೆ ಹೋಗಿಬರುವುದು ಅದರ ಕೆಲಸ, ವಾರಕ್ಕೆ ನಾಲ್ಕೈದು ಟ್ರಿಪ್. ಎಂಟು ವರ್ಷದೊಳಗಿನ ಸರಕು ಗಾಡಿಗೆ ಎರಡು ವರ್ಷಕ್ಕೊಮ್ಮೆ ಫಿಟ್‌ನೆಸ್ ಪ್ರಮಾಣಪತ್ರ ಬೇಕು. ಅದರ ವಾಯಿದೆ ಹತ್ತಿರ ಬಂದಾಗ, ಏಪ್ರಿಲ್ ಕೊನೆಗೆ, ಗಾಡಿ ಗ್ಯಾರೇಜಿಗೆ ಬಂತು. ಮಾಲಕರು ಕೇಳಿದ್ದು ಒಂದೇ: ‘ಈ ಸಲ ಯಾವ ಬಣ್ಣ ಹೊಡೆಸಿದರೆ ಜಂಗು ಬರೋದಿಲ್ಲ?’

ಈ ಗಾಡಿಗೆ ಅದಾಗಲೇ ಮೂರು ಬಗೆಯ ಉಪಚಾರ ಆಗಿತ್ತು, ಮೂರೂ ಕೈಕೊಟ್ಟಿದ್ದವು. ನಾಲ್ಕನೆಯದನ್ನು ಆರಿಸುವ ಮೊದಲು ಆ ಮೂರು ಏಕೆ ಸೋತವು ಎಂದು ನೋಡಲೇಬೇಕಿತ್ತು.

ಹಿಂದಿನ ಮೂರು ಉಪಚಾರಗಳು

ಮೊದಲ ಎರಡು ವರ್ಷ ಮಳೆಗಾಲಕ್ಕೆ ಮುಂಚೆ ಹಳೇ ಎಂಜಿನ್ ಆಯಿಲ್‌ಗೆ ಡೀಸೆಲ್ ಬೆರೆಸಿ ಕೆಳಗೆ ಹೊಡೆಸಿದ್ದರು. ಕರಾವಳಿಯಲ್ಲಿ ಇದು ಹಳೆಯ ರೂಢಿ, ಪೂರ್ತಿ ಮೂಢನಂಬಿಕೆಯೇನಲ್ಲ. ಎಣ್ಣೆ ಇರುವಷ್ಟು ದಿನ ನೀರು ಲೋಹಕ್ಕೆ ತಾಗುವುದಿಲ್ಲ. ಆದರೆ ಸುಟ್ಟ ಎಣ್ಣೆಯಲ್ಲಿ ಆಮ್ಲದ ಅಂಶ ಇರುತ್ತದೆ, ಧೂಳು ಹಿಡಿದು ಹೆಪ್ಪುಗಟ್ಟುತ್ತದೆ, ಪಾಟಾ (ಲೀಫ್ ಸ್ಪ್ರಿಂಗ್) ಬುಷ್ ಮತ್ತು ಬ್ರೇಕ್ ಹೋಸ್‌ನ ರಬ್ಬರ್ ಉಬ್ಬಿಸುತ್ತದೆ. ಈ ಗಾಡಿಯ ಹಿಂದಿನ ಪಾಟಾ ಬುಷ್‌ಗಳು ನಾಲ್ಕೂ ಉಬ್ಬಿ ಸೀಳಿದ್ದವು. ಮನೆಯಂಗಳದಲ್ಲಿ ಹೊಡೆದರೆ ಅದೇ ಎಣ್ಣೆ ಮಳೆಗೆ ತೊಳೆದು ಬಾವಿಯ ದಾರಿ ಹಿಡಿಯುತ್ತದೆ, ಆ ಮಾತು ಬೇರೆ.

ಮೂರನೇ ವರ್ಷ ರೆಡ್ ಆಕ್ಸೈಡ್ ಪ್ರೈಮರ್, ಅದರ ಮೇಲೆ ಕಪ್ಪು ಎನಾಮಲ್. ಎಣ್ಣೆ ಜಿಡ್ಡಿನ ಮೇಲೆ ಬಣ್ಣ ಕೂರಲಿಲ್ಲ ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಜಿಡ್ಡು ಇಲ್ಲದ ಜಾಗದಲ್ಲೂ ಒಂದೇ ಮಳೆಗಾಲಕ್ಕೆ ಕಡಲೆ ಗಾತ್ರದ ಗುಳ್ಳೆ ಎದ್ದಿದ್ದವು, ಚುಚ್ಚಿದರೆ ಒಳಗೆ ನೀರು. ಬಣ್ಣದ ಪದರ ಎಷ್ಟೇ ಗಟ್ಟಿ ಕಂಡರೂ ನೀರಿನ ಆವಿಯನ್ನು ಅಷ್ಟಿಷ್ಟು ಒಳಬಿಡುತ್ತದೆ, ಎನಾಮಲ್ ಅಂತೂ ಧಾರಾಳವಾಗಿ. ಅಡಿಯಲ್ಲಿ ಉಪ್ಪು ಉಳಿದಿದ್ದರೆ ಅದು ಆ ನೀರನ್ನು ಎಳೆದುಕೊಂಡು ತನ್ನ ಸುತ್ತ ಹನಿ ಕಟ್ಟಿಕೊಳ್ಳುತ್ತದೆ. ಉಪ್ಪಿನಕಾಯಿಗೆ ಹಾಕಿದ ಮಾವಿನ ಮಿಡಿ ನೀರು ಬಿಡುವುದೂ ಇದೇ ಲೆಕ್ಕದಲ್ಲಿ.

ನಾಲ್ಕನೇ ವರ್ಷ, ಫಿಟ್‌ನೆಸ್‌ಗೆ ಮೊದಲು, ರಬ್ಬರ್-ಬಿಟುಮೆನ್‌ನ ಅಂಡರ್‌ಬಾಡಿ ಕೋಟಿಂಗ್. ಹೊಡೆದ ದಿನ ಗಾಡಿಯ ಹೊಟ್ಟೆ ಹೊಸದರಂತೆ ಕಪ್ಪಗೆ ಹೊಳೆಯುತ್ತಿತ್ತಂತೆ. ಈಗ ಹಿಂದಿನ ಚಕ್ರದ ಮೇಲ್ಭಾಗದಲ್ಲಿ ಸ್ಕ್ರೂಡ್ರೈವರ್ ತುದಿ ಹಾಕಿ ಎತ್ತಿದರೆ ಅಂಗೈಯಗಲದ ತುಂಡು ಹಪ್ಪಳದಂತೆ ಎದ್ದು ಬಂತು. ಅದರ ಒಳಮೈಗೆ ಎರಡು ಮಿ.ಮೀ. ದಪ್ಪದ ಒದ್ದೆ ತುಕ್ಕು ಅಂಟಿತ್ತು. ಹತ್ತು ದಿನದಿಂದ ಗಾಡಿ ಬಿಸಿಲಲ್ಲಿ ನಿಂತಿದ್ದರೂ ಒದ್ದೆ! ಇಂಥ ಕೋಟಿಂಗ್ ಕಲ್ಲೇಟು ತಡೆಯುವುದಕ್ಕೆ ಒಳ್ಳೆಯದೇ. ತುಕ್ಕಿನ ಮೇಲೆ ಹೊಡೆದಾಗ ಮಾತ್ರ ಒಂದು ಕಡೆ ಬಿರಿದು ನೀರು ಒಳಹೋಗುತ್ತದೆ, ಹೊರಬರುವ ದಾರಿ ಇರುವುದಿಲ್ಲ. ಕೆಳಗೆ ಲೋಹ ಸವೆಯುತ್ತಿದ್ದರೂ ಕಣ್ಣಿಗೆ ಕಾಣುವುದಿಲ್ಲ. ಮೂರರಲ್ಲಿ ಹೆಚ್ಚು ಹಾನಿ ಮಾಡಿದ್ದು ಇದೇ.

ಉಪ್ಪು ಬರುತ್ತಿದ್ದದ್ದು ಎಲ್ಲಿಂದ

ಕಾರವಾರದಲ್ಲಿ ತುಕ್ಕು ಎಂದರೆ ಎಲ್ಲರೂ ಕಡಲ ಗಾಳಿಯತ್ತ ಬೆರಳು ತೋರಿಸುತ್ತಾರೆ. ಈ ಗಾಡಿಯಲ್ಲಿ ಅದು ಅರ್ಧ ಸತ್ಯ. ಗಾಳಿಯ ಉಪ್ಪೇ ಮೂಲವಾಗಿದ್ದರೆ ಬಾನೆಟ್, ಬಾಗಿಲಂಚು, ಮುಂದಿನ ಕ್ರಾಸ್‌ಮೆಂಬರ್ (ಚಾಸಿ ಎಂಬ ಅಡಿಯ ಚೌಕಟ್ಟಿನ ಅಡ್ಡಪಟ್ಟಿ) ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ ಸಮ ತುಕ್ಕು ಬರಬೇಕಿತ್ತು. ಕ್ಯಾಬಿನ್ ಕೆಳಗೆ ಚಾಸಿ ಚೆನ್ನಾಗಿಯೇ ಇತ್ತು. ಹಾಳಾದದ್ದೆಲ್ಲ ಲೋಡ್ ಬಾಡಿಯ ಕೆಳಗೆ, ಅದರಲ್ಲೂ ಹಿಂದಿನ ಮೂರನೇ ಒಂದು ಭಾಗ.

ಲೋಡ್ ಬಾಡಿಯ ತಳಕ್ಕೆ ಅಲ್ಯೂಮಿನಿಯಂ ಚೆಕ್ಕರ್ ಶೀಟ್ ಹಾಕಿ ರಿವಿಟ್ ಹೊಡೆದಿದ್ದರು. ರಿವಿಟ್ ಕೊರೆದು ಶೀಟ್ ಎತ್ತಿದಾಗ ಕಥೆ ತಿಳಿಯಿತು. ಶೀಟಿಗೂ ಉಕ್ಕಿನ ತಳಕ್ಕೂ ನಡುವೆ ಮೀನಿನ ಪೊರೆ, ಥರ್ಮೋಕೋಲ್ ಕಾಳು, ಬಿಳಿ ಹಿಟ್ಟಿನಂಥ ಅಲ್ಯೂಮಿನಿಯಂ ತುಕ್ಕು, ಕೆಂಪು ಕಬ್ಬಿಣದ ತುಕ್ಕು ಎಲ್ಲ ಕಲಸಿ ಕೆಸರಾಗಿ ಕೂತಿತ್ತು. ಐಸ್ ಮಾಡುವುದು ಸಿಹಿನೀರಿನಿಂದಲೇ. ಆದರೆ ಮೀನಿನ ಜೊತೆ, ಬುಟ್ಟಿಯ ಜೊತೆ ಸಮುದ್ರದ ನೀರು ಬಂದೇ ಬರುತ್ತದೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಒಂದು ಟ್ರಿಪ್ಪಿನಲ್ಲಿ ಐದು ಲೀಟರ್ ಸೋರಿ ಅದರಲ್ಲಿ ಅರ್ಧ ಸಮುದ್ರದ್ದೆಂದರೂ 85 ಗ್ರಾಂ ಚಿಲ್ಲರೆ ಉಪ್ಪು ರಿವಿಟ್ ತೂತುಗಳಿಂದ ಇಳಿದು ಚಾಸಿಯ ಮೇಲೆ ಬೀಳುತ್ತದೆ. ಘಾಟಿ ಏರುವಾಗ ನೀರೆಲ್ಲ ಹಿಂದಕ್ಕೆ ಹರಿಯುತ್ತದೆ. ಹಿಂಭಾಗವೇ ಹೆಚ್ಚು ತಿಂದುಹೋಗಿದ್ದಕ್ಕೆ ಕಾರಣ ಅರಬೈಲಿನ ಏರು.

ಬಿಸಿಲಲ್ಲಿ ನಿಂತರೂ ತುಕ್ಕು ಒದ್ದೆ ಇದ್ದದ್ದಕ್ಕೂ ಉತ್ತರ ಇಲ್ಲೇ ಇದೆ. ಅಡುಗೆ ಉಪ್ಪು ಗಾಳಿಯ ತೇವ ಸುಮಾರು ಶೇ. 75 ದಾಟಿದ ಮೇಲೆ ನೀರಾಗುತ್ತದೆ. ಸಮುದ್ರದ ಉಪ್ಪಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡಿಗೆ ಶೇ. 33 ಸಾಕು. ಕಾರವಾರದಲ್ಲಿ ಗಾಳಿ ಅಷ್ಟು ಒಣಗುವ ದಿನ ಅಪರೂಪ. ಅಂದರೆ ಈ ಉಪ್ಪು ಕೂತ ಕಬ್ಬಿಣ ವರ್ಷಪೂರ್ತಿ ನೆನೆದೇ ಇರುತ್ತದೆ.

ತೊಳೆಯುವುದು, ಅಳೆಯುವುದು

ಮೊದಲು ಜಿಡ್ಡು. ಹಳೇ ಆಯಿಲ್ ಮತ್ತು ಬಿಟುಮೆನ್ ಪದರವನ್ನು ಕೆತ್ತುಬ್ಲೇಡು, ಸೀಮೆಎಣ್ಣೆ, ನಂತರ ಡಿಗ್ರೀಸರ್ ಹಾಕಿ ತೆಗೆದರು. ಇದಕ್ಕೇ ಇಬ್ಬರಿಗೆ ಎರಡು ದಿನ ಹಿಡಿಯಿತು. ಜಿಡ್ಡು ಉಳಿದ ಜಾಗಕ್ಕೆ ನೀರೂ ತಾಗುವುದಿಲ್ಲ, ತುಕ್ಕನ್ನು ಗಟ್ಟಿ ಪದರವಾಗಿ ಬದಲಿಸುವ ರಸ್ಟ್ ಕನ್ವರ್ಟರ್ ಕೂಡ ತಾಗುವುದಿಲ್ಲ.

ತೊಳೆಯುವ ನೀರನ್ನು ಪರೀಕ್ಷಿಸದೆ ಬಳಸಬಾರದು. ಕಡಲಿಗೆ, ಕಾಳಿ ನದಿಯ ಅಳಿವೆಗೆ ಹತ್ತಿರದ ಬಾವಿ ಬೋರ್‌ವೆಲ್‌ಗಳಲ್ಲಿ ಬೇಸಿಗೆಗೆ ಉಪ್ಪು ಏರುತ್ತದೆ. ಗ್ಯಾರೇಜಿನ ಬೋರ್ ನೀರಿನ ಟಿಡಿಎಸ್ (ಕರಗಿದ ಲವಣಗಳ ಪ್ರಮಾಣ) 780 ಪಿಪಿಎಂ, ಅಂದರೆ ಲೀಟರಿಗೆ 780 ಮಿ.ಗ್ರಾಂ ಇತ್ತು, ನಲ್ಲಿ ನೀರಿನದು 60. ನಲ್ಲಿ ನೀರನ್ನೇ ಟ್ಯಾಂಕಿಗೆ ತುಂಬಿ ಪ್ರೆಶರ್ ಪಂಪಿನಲ್ಲಿ ಹೊಡೆದರು.

ಉಪ್ಪು ಹೋಯಿತೋ ಇಲ್ಲವೋ ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ. ಅದಕ್ಕೊಂದು ಅಗ್ಗದ ಉಪಾಯವಿದೆ. 10 ಸೆಂ.ಮೀ. ಉದ್ದ, ಅಷ್ಟೇ ಅಗಲದ ಚೌಕವನ್ನು ಟೇಪಿನಿಂದ ಗುರುತಿಸಿ. 50 ಮಿ.ಲೀ. ಬ್ಯಾಟರಿ ನೀರು (ಲವಣ ತೆಗೆದ ಶುದ್ಧ ನೀರು) ತೆಗೆದುಕೊಂಡು ಟಿಡಿಎಸ್ ಮೀಟರಿನಲ್ಲಿ ಅಳೆಯಿರಿ, ಸೊನ್ನೆಗೆ ಹತ್ತಿರ ಇರಬೇಕು. ಅದೇ ನೀರಿನಲ್ಲಿ ಹತ್ತಿ ಅದ್ದಿ ಚೌಕವನ್ನು ನಾಲ್ಕೈದು ಸಲ ಒರೆಸಿ, ಪ್ರತಿ ಸಲ ಹಿಂಡಿ ಅದೇ ಲೋಟಕ್ಕೆ ಹಾಕಿ. ಕೈಗೆ ಗ್ಲೌಸ್ ಇರಲಿ, ಬೆವರಿನಲ್ಲೂ ಉಪ್ಪಿದೆ. ಈಗ ಮತ್ತೆ ಅಳೆದರೆ 10 ಪಿಪಿಎಂ ಏರಿಕೆ ಎಂದರೆ ಆ ಚೌಕದಲ್ಲಿ 0.5 ಮಿ.ಗ್ರಾಂ ಉಪ್ಪು, ಅಂದರೆ ಚದರ ಮೀಟರಿಗೆ 50 ಮಿ.ಗ್ರಾಂ. ಹಡಗಿನ ಬ್ಯಾಲಾಸ್ಟ್ ಟ್ಯಾಂಕಿಗೆ ಬಣ್ಣ ಹಚ್ಚುವ ಮೊದಲು ಅಂತರರಾಷ್ಟ್ರೀಯ ನಿಯಮ ಒಪ್ಪುವ ಮಿತಿಯೂ ಅದೇ. ಹತ್ತಿ ಒರೆಸಿದರೆ ಗುಳಿಯೊಳಗಿನ ಉಪ್ಪು ಪೂರ್ತಿ ಬರುವುದಿಲ್ಲ. ಹಾಗಾಗಿ ಈ ಲೆಕ್ಕ ಯಾವಾಗಲೂ ಸ್ವಲ್ಪ ಕಡಿಮೆಯೇ ತೋರಿಸುತ್ತದೆ.

ಲೋಡ್ ಬಾಡಿಯ ತಳದಲ್ಲಿ ಮೊದಲ ತೊಳೆತದ ನಂತರ ಬಂದ ಅಂಕಿ 140. ಗ್ರೈಂಡರ್ ಹಿಡಿದು ತುಕ್ಕು ತೆಗೆದು ಮತ್ತೆ ತೊಳೆದಾಗ 60. ಗುಳಿಗಳ ಮೇಲೆ ರಾತ್ರಿಯಿಡೀ ಒದ್ದೆ ಗೋಣಿಚೀಲ ಹಾಸಿ, ಬೆಳಿಗ್ಗೆ ಬಿಸಿನೀರಿನಲ್ಲಿ ತೊಳೆದ ಮೇಲೆ 8. ಒದ್ದೆ ಚೀಲದಿಂದ ಹೊಸ ತುಕ್ಕು ಹಿಡಿಯುವುದಿಲ್ಲವೇ? ತೆಳ್ಳಗೆ ಹಿಡಿಯುತ್ತದೆ, ಉಜ್ಜಿದರೆ ಹೋಗುತ್ತದೆ. ಗುಳಿಯ ತಳದಲ್ಲಿ ಉಪ್ಪು ಉಳಿಯುವುದಕ್ಕಿಂತ ಅದು ಮೇಲು. ಉಜ್ಜಿ ಬೆಳ್ಳಗಾದ ಜಾಗದಲ್ಲಿ ಮರುದಿನ ಕಪ್ಪು ಚುಕ್ಕೆಗಳು ಎದ್ದರೆ ಅಲ್ಲಿ ಉಪ್ಪು ಇನ್ನೂ ಇದೆ ಎಂದೇ ಲೆಕ್ಕ.

ತುಕ್ಕು ತೆಗೆಯುವಾಗ ಒಂದು ಮೋಸ ಸಾಮಾನ್ಯ. ಗ್ರೈಂಡರಿಗೆ ಹಾಕುವ ವೈರ್ ಕಪ್ ಬ್ರಷ್ ತುಕ್ಕನ್ನು ತೆಗೆಯುವುದಕ್ಕಿಂತ ತಿಕ್ಕಿ ಪಾಲಿಶ್ ಮಾಡುತ್ತದೆ. ಕಂದುಗಪ್ಪಾಗಿ ಹೊಳೆಯುವ ಆ ಮೈ ನೋಡಿ ಲೋಹವೆಂದು ಮೋಸಹೋಗುತ್ತೇವೆ. ಆದ್ದರಿಂದ ಬಯಲು ಜಾಗಕ್ಕೆ 60ರ ಫ್ಲ್ಯಾಪ್ ಡಿಸ್ಕ್, ದಪ್ಪ ಪದರ ಕಟ್ಟಿದಲ್ಲಿ ಮೊದಲು ಸುತ್ತಿಗೆ-ಚಾಣ, ವೈರ್ ಬ್ರಷ್ ಸಂದುಗೊಂದಿಗೆ ಮಾತ್ರ. ಮರಳು ಹೊಡೆಸೋಣ ಎಂಬ ಮಾತೂ ಬಂತು. ಅಳಿವೆಯ ಮರಳಿನಲ್ಲಿ ಉಪ್ಪು ಇರುತ್ತದೆ, ಅದರ ಧೂಳು ಶ್ವಾಸಕೋಶಕ್ಕೆ ಕಾಯಂ ಹಾನಿ. ಬ್ಲಾಸ್ಟಿಂಗ್ ಮಾಡಿಸುವುದೇ ಆದರೆ ಗಾರ್ನೆಟ್ ಅಥವಾ ತಾಮ್ರದ ಸ್ಲ್ಯಾಗ್ ಬೇಕು. ಹತ್ತಿರದಲ್ಲಿ ಆ ಸೌಕರ್ಯ ಇಲ್ಲದ್ದರಿಂದ ಬಿಟ್ಟರು.

ಉಜ್ಜಿದ ಮೇಲೆ ಸುತ್ತಿಗೆಯಲ್ಲಿ ತಟ್ಟಿ ನೋಡಿದರು. ಚಾಸಿಯ ಎಡ ರೈಲಿನಲ್ಲಿ (ಉದ್ದದ ತೊಲೆ) ಟಣ್ ಎಂದ ಸದ್ದು ಹಿಂದಿನ ಕ್ರಾಸ್‌ಮೆಂಬರಿಗೆ ಬಂದಾಗ ಡಬ್ ಎಂದಾಯಿತು. ವರ್ನಿಯರ್ ಹಿಡಿದರೆ ರೈಲು 4 ಮಿ.ಮೀ.ನಲ್ಲಿ 3.4 ಉಳಿದಿತ್ತು. ಕ್ರಾಸ್‌ಮೆಂಬರ್ ಒಂದು ಕಡೆ 1.8ಕ್ಕೆ ಇಳಿದಿತ್ತು. ಅದನ್ನು ಕತ್ತರಿಸಿ ಹೊಸದು ಹಾಕಿದರು. ಸವೆದ ಲೋಹಕ್ಕೆ ಯಾವ ಕೆಮಿಕಲ್ಲೂ ಬಲ ಕೊಡುವುದಿಲ್ಲ. ವೆಲ್ಡಿಂಗಿಗೆ ಮೊದಲು ಬ್ಯಾಟರಿಯ ಎರಡೂ ಟರ್ಮಿನಲ್, ಇಸಿಯು (ಎಂಜಿನ್ನಿನ ಕಂಪ್ಯೂಟರ್) ಕನೆಕ್ಟರ್ ಬಿಚ್ಚಿದ್ದರು. ರೈಲಿನ ಒಳಮೈಗೆ ತುಕ್ಕು ತಡೆಯುವ ವ್ಯಾಕ್ಸ್ (ಮೇಣ) ಹೊಡೆಯುವ ಕೆಲಸ ಇದಾದ ಮೇಲೆಯೇ, ಮೊದಲೇ ಹೊಡೆದು ವೆಲ್ಡ್ ಮಾಡಿದರೆ ರೈಲಿನೊಳಗೆ ಬೆಂಕಿ.

ಯಾವುದು ಬೇಕು, ಯಾವುದು ಬೇಡ

ಮಾಲಕರು ಅಷ್ಟರಲ್ಲಿ ಅಂಗಡಿಯಿಂದ ಐದು ಬಗೆಯ ಡಬ್ಬಿ ತಂದಿದ್ದರು. ಎಲ್ಲದರ ಮೇಲೂ ‘ತುಕ್ಕಿಗೆ’ ಎಂದೇ ಇತ್ತು. ಆದರೆ ಒಂದೊಂದರ ಕೆಲಸ ಒಂದೊಂದು.

ಡಬ್ಲ್ಯುಡಿ-40 ಹಿಡಿದ ಬೋಲ್ಟ್ ಸಡಿಲಿಸಲು, ನೀರು ಹೊರತಳ್ಳಲು ಸರಿ. ಅದರ ಹೆಸರಿನಲ್ಲೇ ನೀರು ಹೊರಹಾಕುವ ನಲವತ್ತನೇ ಪ್ರಯೋಗ ಎಂಬ ಅರ್ಥವಿದೆ. ಉಳಿಯುವ ಪದರ ತೀರಾ ತೆಳು, ಮಳೆಗಾಲದ ರಸ್ತೆ ನೀರಿಗೆ ತಡೆಯುವುದಿಲ್ಲ. ಪಾಟಾ ಯು-ಬೋಲ್ಟ್‌ಗಳಿಗೆ ಖರ್ಚಾಯಿತು, ಮುಗಿಯಿತು.

ಸತುವಿನ ಪ್ರೈಮರ್ ಆಸೆ ಹುಟ್ಟಿಸುವಂಥದ್ದು. ಸತುವು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ಆದರೆ ಹಾಗೆ ಕಾಯಲು ಸತುವಿನ ಪುಡಿ ಬರಿಯ ಲೋಹಕ್ಕೆ ನೇರವಾಗಿ ತಾಗಿರಬೇಕು. ಬ್ಲಾಸ್ಟಿಂಗ್ ಇಲ್ಲದೆ, ಗುಳಿಗಳಲ್ಲಿ ತುಕ್ಕು ಉಳಿದ ಮೈಗೆ ಹಚ್ಚಿದರೆ ಅದು ದುಬಾರಿ ಬೂದು ಬಣ್ಣ ಅಷ್ಟೆ. ವಾಪಸ್ ಹೋಯಿತು.

ಫಾಸ್ಫಾರಿಕ್ ಆಮ್ಲದ ದ್ರಾವಣ ತುಕ್ಕನ್ನು ಕರಗಿಸಿ ಕಬ್ಬಿಣದ ಫಾಸ್ಫೇಟ್ ಮಾಡುತ್ತದೆ. ಬಿಚ್ಚಿ ಹೊರಗಿಟ್ಟ ಬ್ರ್ಯಾಕೆಟ್, ಡಾಲಾ (ಲೋಡ್ ಬಾಡಿಯ ಬಾಗಿಲು) ಕೊಂಡಿಗಳಿಗೆ ಇದನ್ನೇ ಬಳಸಿದರು: ಹಚ್ಚಿ 20 ನಿಮಿಷ, ಒಣಗಲು ಬಿಡದೆ ಉಜ್ಜಿ, ಧಾರಾಳ ನೀರಿನಲ್ಲಿ ತೊಳೆದು, ತಕ್ಷಣ ಬ್ಲೋವರ್. ಚಾಸಿಯ ಸಂದುಗಳಿಗೆ ಬೇಡವೆಂದರು. ಅಲ್ಲಿಂದ ಆಮ್ಲವನ್ನು ಪೂರ್ತಿ ತೊಳೆಯಲಾಗುವುದಿಲ್ಲ, ಉಳಿದ ಆಮ್ಲ ಮೇಲೆ ಹಚ್ಚುವ ಎಪಾಕ್ಸಿ ಬಣ್ಣದ ಹಾರ್ಡ್‌ನರ್ (ಗಟ್ಟಿಗೊಳಿಸುವ ದ್ರವ) ಕೆಡಿಸುತ್ತದೆ. ಮೇಲೆ ಗಟ್ಟಿ ಕಂಡ ಬಣ್ಣ ಅಡಿಯಲ್ಲಿ ಮೆತ್ತಗೇ ಉಳಿಯುತ್ತದೆ.

ಸಂದು, ಗುಳಿ, ರಿವಿಟ್ ಸುತ್ತಲಿಗೆ ಆರಿಸಿದ್ದು ಟ್ಯಾನಿನ್ ಆಧಾರದ ಕನ್ವರ್ಟರ್. ಶಿರಸಿ ಸೀಮೆಯವರಿಗೆ ಈ ರಸಾಯನ ಹೊಸದಲ್ಲ. ಅಡಿಕೆ ಬೇಯಿಸಿದ ಚೊಗರು ಕಬ್ಬಿಣಕ್ಕೆ ತಾಗಿದರೆ ಕರ್ರಗಾಗುತ್ತದಲ್ಲ, ಅಳಲೆಕಾಯಿಗೆ ಕಬ್ಬಿಣ ಸೇರಿಸಿ ಮಸಿ ಮಾಡುತ್ತಿದ್ದರಲ್ಲ, ಅದೇ ಕ್ರಿಯೆ. ಟ್ಯಾನಿನ್ ತುಕ್ಕಿನ ಜೊತೆ ಸೇರಿ ನೀಲಿಗಪ್ಪು ಪದರವಾಗುತ್ತದೆ. ಇದರಲ್ಲಿ ಮೂರು ಎಚ್ಚರ. ಬರಿಯ ಲೋಹದ ಮೇಲೆ ಇದಕ್ಕೆ ಕೆಲಸವಿಲ್ಲ, ಗಟ್ಟಿಯಾಗಿ ಅಂಟಿದ ತೆಳು ತುಕ್ಕು ಬೇಕು. ದಪ್ಪ ತುಕ್ಕಿನ ಮೇಲೆ ಹಚ್ಚಿದರೆ ಮೇಲಿನ ಮೈ ಮಾತ್ರ ಕಪ್ಪಾಗಿ ಅಡಿ ಕೆಂಪಾಗೇ ಉಳಿಯುತ್ತದೆ, ಉಗುರಿನಲ್ಲಿ ಕೆರೆದರೆ ಗೊತ್ತಾಗುತ್ತದೆ. ಇನ್ನು, ಡಬ್ಬಿಗೇ ಬ್ರಷ್ ಅದ್ದಬಾರದು, ಬ್ರಷ್‌ಗೆ ಅಂಟಿದ ತುಕ್ಕಿನಿಂದ ಇಡೀ ಡಬ್ಬಿ ಕೆಡುತ್ತದೆ. ಒಂದು ಲೀಟರ್ ತಂದು 200 ಮಿ.ಲೀ.ನಂತೆ ಬೇರೆ ಬಟ್ಟಲಿಗೆ ಸುರಿದು ಎರಡು ತೆಳು ಕೋಟು ಹಚ್ಚಿ 24 ಗಂಟೆ ಬಿಟ್ಟರು. ನಂತರ ಎಪಾಕ್ಸಿ ಥಿನ್ನರ್ ಅದ್ದಿದ ಬಟ್ಟೆಯಿಂದ ಒಂದು ಮೂಲೆ ಉಜ್ಜಿ ನೋಡಿದರು. ಕೆಲವು ಕನ್ವರ್ಟರುಗಳ ಲೇಟೆಕ್ಸ್ ಪದರ ಥಿನ್ನರಿಗೆ ಎದ್ದುಬರುತ್ತದೆ, ಇದು ಬರಲಿಲ್ಲ.

ಮುಖ್ಯ ರಕ್ಷಣೆ ಎರಡು ಡಬ್ಬಿಯ (ಬಣ್ಣಕ್ಕೆ ಹಾರ್ಡ್‌ನರ್ ಬೆರೆಸಿ ಹಚ್ಚುವ) ಎಪಾಕ್ಸಿ ಪ್ರೈಮರ್. ಲೆಕ್ಕ ಹೀಗೆ: ಚಾಸಿಯ ಹೊರಮೈ, ಕ್ರಾಸ್‌ಮೆಂಬರ್‌ಗಳು, ಲೋಡ್ ಬಾಡಿಯ ತಳ, ಚಕ್ರದ ಕಮಾನು ಸೇರಿ ಸುಮಾರು 13 ಚದರ ಮೀಟರ್. ಗಟ್ಟಿ ಅಂಶ ಶೇ. 60 ಇರುವ ಎಪಾಕ್ಸಿ ಒಣಗಿದ ಮೇಲೆ 75 ಮೈಕ್ರಾನ್ ಉಳಿಯಬೇಕಾದರೆ ಲೀಟರಿಗೆ 8 ಚದರ ಮೀಟರ್ ಬರುತ್ತದೆ. ಸ್ಪ್ರೇಯಲ್ಲಿ ಹಾರಿ ಹೋಗುವುದು ಶೇ. 35 ಎಂದು ಹಿಡಿದರೆ 5.2. ಎರಡು ಕೋಟಿಗೆ 5 ಲೀಟರ್. ಪೇಂಟರ್ ಎರಡು ಲೀಟರಿನಲ್ಲಿ ಮುಗಿಸುತ್ತೇನೆ ಎಂದರೆ ಸಿಗುವುದು 60 ಮೈಕ್ರಾನ್ ಮಾತ್ರ, ಎರಡೂ ಕೋಟು ಸೇರಿ.

ಕೆಲಸ ನಡೆದ ಬಗೆ

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆ ನಿಷೇಧ, 61 ದಿನ ಗಾಡಿಗೂ ರಜೆ. ಆಗಲೇ ಮಾಡಿಸೋಣ ಎಂದು ಮಾಲಕರ ಲೆಕ್ಕಾಚಾರ. ಆದರೆ ಆ ಮಳೆಯಲ್ಲಿ ಎಪಾಕ್ಸಿ ಹಚ್ಚುವುದು ದುಡ್ಡು ನೀರಿಗೆ ಹಾಕಿದಂತೆ. ತೇವ ಶೇ. 85 ಒಳಗಿರಬೇಕು, ಲೋಹದ ಮೈ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು. ಮೇ ಮೊದಲ ಎರಡು ವಾರ, ಬೆಳಿಗ್ಗೆ 11ರಿಂದ ಸಂಜೆ 4ರೊಳಗೆ ಎಂದು ನಿಗದಿಯಾಯಿತು.

ಬ್ರೇಕ್ ಡ್ರಮ್, ಹೋಸ್, ಎಕ್ಸಲಿನ ಬ್ರೀದರ್, ಪ್ರೊಪೆಲ್ಲರ್ ಶಾಫ್ಟ್, ಸೈಲೆನ್ಸರ್, ಅರ್ತಿಂಗ್ ಬೋಲ್ಟ್ ಎಲ್ಲಕ್ಕೂ ಪ್ಲಾಸ್ಟಿಕ್ ಸುತ್ತಿದರು. ಸ್ಪ್ರೇಗೆ ಮೊದಲು ಅಂಚು, ವೆಲ್ಡ್ ಗೆರೆ, ರಿವಿಟ್ ತಲೆಗಳಿಗೆ ಬ್ರಷ್‌ನಲ್ಲಿ ಒಂದು ಕೈ. ಹಸಿ ಬಣ್ಣ ಚೂಪಾದ ಅಂಚಿನಿಂದ ಹಿಂದೆ ಸರಿಯುತ್ತದೆ, ತುಕ್ಕು ಅಲ್ಲಿಂದಲೇ ಮರಳುತ್ತದೆ.

ಎರಡನೇ ಕೋಟಿನಲ್ಲಿ ಎಡವಟ್ಟಾಯಿತು. ಕಂಪ್ರೆಸರ್ ಕೈಕೊಟ್ಟು ಕೆಲಸ ಸಂಜೆ ಐದೂವರೆಗೆ ಎಳೆಯಿತು. ಬೆಳಿಗ್ಗೆ ನೋಡಿದರೆ ಲೋಡ್ ಬಾಡಿಯ ತಳದಲ್ಲಿ ಮಂಕು ಬಿಳಿ ಪದರ, ಮುಟ್ಟಿದರೆ ಮೇಣದಂತೆ ಜಾರು. ಹಾರ್ಡ್‌ನರ್‌ನ ಅಮೈನ್ ಗಾಳಿಯ ತೇವದ ಜೊತೆ, ಇಂಗಾಲದ ಡೈಆಕ್ಸೈಡ್ ಜೊತೆ ಸೇರಿದರೆ ಹೀಗಾಗುತ್ತದೆ. ಥಿನ್ನರಿನಲ್ಲಿ ಒರೆಸಿದರೆ ಹರಡುತ್ತದೆ ವಿನಾ ಹೋಗುವುದಿಲ್ಲ. ಸೋಪು ಹಾಕಿದ ಬೆಚ್ಚಗಿನ ನೀರಿನಲ್ಲಿ ತೊಳೆದು, 180ರ ಎಮರಿ ಎಳೆದು, ಆ ಭಾಗಕ್ಕೆ ಇನ್ನೊಂದು ಕೋಟು ಹೊಡೆದರು. ಹಾಗೇ ಬಿಟ್ಟಿದ್ದರೆ ಮೇಲೆ ಹಚ್ಚಿದ್ದೆಲ್ಲ ಸಿಪ್ಪೆ ಸುಲಿದಂತೆ ಬರುತ್ತಿತ್ತು.

ಕೀಲುಗಳಿಗೆ ಪಿಯು (ಪಾಲಿಯುರೆಥೇನ್) ಸೀಲಂಟ್. ರಬ್ಬರ್ ಕೋಟಿಂಗ್ ಈಗಲೂ ಬಂತು, ಆದರೆ ನಾಲ್ಕು ಚಕ್ರದ ಕಮಾನಿಗೆ ಮಾತ್ರ, ಒಣಗಿದ ಎಪಾಕ್ಸಿಯ ಮೇಲೆ. ಚಾಸಿಗೆ ಬೇಡ, ತುಕ್ಕು ಮರಳಿದರೆ ಕಣ್ಣಿಗೆ ಕಾಣಬೇಕು.

ರೈಲಿನ ಒಳಗು ಬೇರೆಯೇ ಲೋಕ. ಹೋಸ್ ಒಳಬಿಟ್ಟು ನಲ್ಲಿ ನೀರು ಹರಿಸಿದಾಗ ಹೊರಬಂದ ನೀರು ಮೊದಲು 900 ಪಿಪಿಎಂ, 25 ನಿಮಿಷದ ನಂತರ 75. ತಳದ ತೂತುಗಳಲ್ಲಿ ಮೂರು ಕಟ್ಟಿದ್ದವು, ತಂತಿ ಹಾಕಿ ಬಿಡಿಸಿದರು. ಎರಡು ದಿನ ಬ್ಲೋವರ್ ಹಚ್ಚಿ ಒಣಗಿಸಿ ಕ್ಯಾವಿಟಿ ವ್ಯಾಕ್ಸ್, ಒಂದು ಮೀಟರ್ ಹೋಸ್‌ಗೆ ಸುತ್ತಲೂ ಚಿಮ್ಮುವ ನಾಜಲ್ ಹಾಕಿ, ಹಿಂದಕ್ಕೆಳೆಯುತ್ತ. ಎರಡೂ ರೈಲು, ಬಾಗಿಲ ತಳ ಸೇರಿ ಮೂರು ಲೀಟರ್ ಹಿಡಿಯಿತು. ತೂತುಗಳಿಂದ ವ್ಯಾಕ್ಸ್ ತೊಟ್ಟಿಕ್ಕಿದರೆ ತಲುಪಿದೆ ಎಂದರ್ಥ, ತೊಟ್ಟಿಕ್ಕಿದ ಮೇಲೆ ಅವನ್ನು ಮತ್ತೆ ತೆರೆದಿಡಬೇಕು. ಲ್ಯಾನೋಲಿನ್ ಕೂಡ ಪರಿಗಣನೆಯಲ್ಲಿತ್ತು. ಕಂಬಳಿಕೊಪ್ಪೆಯ ಮೇಲೆ ಮಳೆ ಜಾರಿಹೋಗುವುದು ಉಣ್ಣೆಯ ಇದೇ ಜಿಡ್ಡಿನಿಂದ. ಒಣಗದೆ ಮೆತ್ತಗಿದ್ದು ಗೀರನ್ನು ತಾನೇ ಮುಚ್ಚಿಕೊಳ್ಳುತ್ತದೆ, ಆದರೆ ದಿನಾ ಪ್ರೆಶರ್ ಪಂಪ್ ಹೊಡೆಯುವ ಗಾಡಿಯಲ್ಲಿ ಉಳಿಯುವುದಿಲ್ಲ. ಪಾಟಾ ಶ್ಯಾಕಲ್‌ಗಳಿಗೆ ಅದನ್ನು ರಬ್ಬರ್‌ಗೆ ತಾಗದಂತೆ ಬ್ರಷ್‌ನಲ್ಲಿ ಹಚ್ಚಿದರು.

ಅಲ್ಯೂಮಿನಿಯಂ ಶೀಟ್ ಮರಳಿ ಹಾಕಲಿಲ್ಲ. ತಳಕ್ಕೆ ಎಫ್‌ಆರ್‌ಪಿ (ಗಾಜಿನ ನಾರಿನ ಪ್ಲಾಸ್ಟಿಕ್) ಲೈನಿಂಗ್, ರಿವಿಟ್ ಇಲ್ಲದೆ, ಗೋಡೆಗೆ 15 ಸೆಂ.ಮೀ. ಏರಿಸಿ. ಹಿಂದಿನ ಎರಡು ಮೂಲೆಯಲ್ಲಿ 25 ಮಿ.ಮೀ. ಔಟ್‌ಲೆಟ್, ಅಲ್ಲಿಂದ ಹೋಸ್ ಮೂಲಕ ಚಾಸಿಗೆ ತಾಗದಂತೆ 30 ಲೀಟರಿನ ಪ್ಲಾಸ್ಟಿಕ್ ಟ್ಯಾಂಕಿಗೆ. ಇಡೀ ಕೆಲಸದಲ್ಲಿ ತುಕ್ಕಿಗೆ ಹೆಚ್ಚು ಪೆಟ್ಟು ಕೊಟ್ಟದ್ದು ಈ ಎರಡು ಹೋಸ್ ತುಂಡು ಎಂದರೆ ಉತ್ಪ್ರೇಕ್ಷೆಯಲ್ಲ. ಘಾಟಿಯ ತಿರುವುಗಳಲ್ಲಿ ಹಿಂದೆ ಬರುವ ಬೈಕಿನವರೂ ಬದುಕಿದರು.

ಅಕ್ಟೋಬರಿನ ತಪಾಸಣೆ

ಮಾಲಕರಿಗೆ ಹೇಳಿದ್ದು ಕಡಿಮೆ: ಪ್ರತಿ ಟ್ರಿಪ್ ನಂತರ ನಲ್ಲಿ ನೀರಿನಲ್ಲಿ ಹತ್ತು ನಿಮಿಷ ಕೆಳಗಿನಿಂದ ತೊಳೆಯುವುದು, ಅಳಿವೆಯ ಹೊಳೆನೀರು ಬೇಡ. ರಜೆಯ ಎರಡು ತಿಂಗಳು ಗಾಡಿಯನ್ನು ಹುಲ್ಲಿನ ಮೇಲೆ ನಿಲ್ಲಿಸಬಾರದು, ತಾಡಪತ್ರಿ ಬಿಗಿದು ಮುಚ್ಚಬಾರದು.

ಮಳೆಗಾಲ ಕಳೆದು ನೋಡಿದಾಗ ಲೋಡ್ ಬಾಡಿಯ ತಳ, ಹೊಸ ಕ್ರಾಸ್‌ಮೆಂಬರ್, ಚಕ್ರದ ಕಮಾನು ಚೆನ್ನಾಗಿದ್ದವು. ಎರಡು ಕಡೆ ಕೆಂಪು ಕಂಡಿತು. ಬಲಗಡೆಯ ಹಿಂದಿನ ಪಾಟಾ ಹ್ಯಾಂಗರ್‌ನ ರಿವಿಟ್ ಸುತ್ತ ಸೂಜಿಮೊನೆಯಷ್ಟು ಚುಕ್ಕೆಗಳು, ಬ್ರಷ್ ಕೈ ತಪ್ಪಿಹೋದ ಜಾಗ. ಚೌಕ ಒರೆಸಿ ನೋಡಿದರೆ 6 ಪಿಪಿಎಂ. ಅಲ್ಲಿ ಉಪ್ಪಿನ ಕಾಟ ಇರಲಿಲ್ಲ, ಬಣ್ಣವೇ ತೆಳುವಾಗಿತ್ತು. ಉಜ್ಜಿ ಮತ್ತೆ ಎಪಾಕ್ಸಿ ಹಚ್ಚಿದರು. ಎರಡನೆಯದು ನಡುವಿನ ಕ್ರಾಸ್‌ಮೆಂಬರ್‌ನ ತೂತಿನಿಂದ ಇಳಿದ ಕಂದು ಗೆರೆ. ಒಳಗೆ ಕ್ಯಾಮೆರಾ ಬಿಟ್ಟರೆ ಅಲ್ಲಿಗೆ ವ್ಯಾಕ್ಸ್ ತಲುಪಿರಲೇ ಇಲ್ಲ, ನಡುವೆ ಒಂದು ಅಡ್ಡ ತಗಡಿತ್ತು. ಅದರ ಆಚೆ 8 ಮಿ.ಮೀ. ತೂತು ಕೊರೆದು, ತೂತಿನ ಅಂಚಿಗೆ ಬಣ್ಣ ಹಚ್ಚಿ, ತೊಳೆದು ಒಣಗಿಸಿ, ಕಾಲು ಲೀಟರ್ ವ್ಯಾಕ್ಸ್ ಹೊಡೆದು ರಬ್ಬರ್ ಬಿರಡೆ ಹಾಕಿದರು.